ಬಿಡಿಸಿದ ಮಗು ಮತ್ತೆ ಅದೇ ಅಂಗಡಿಯಲ್ಲಿ ಏಕೆ?

ಬಾಲಕಾರ್ಮಿಕ ಪದ್ಧತಿಯ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಒಂದೇ ಬಗೆಯವನ್ನು ಒಟ್ಟುಗೂಡಿಸಿ ಈ ಸಲದ ಅಂಕಣಕ್ಕೆ ತೆಗೆದುಕೊಂಡಿದ್ದೇವೆ. ಕಾರ್ಮಿಕ ಕಾನೂನು, ಮಕ್ಕಳ ರಕ್ಷಣೆ ಮತ್ತು ಶಾಲಾ ಶಿಕ್ಷಣ ಬಲ್ಲವರು ಉತ್ತರ ಬರೆದಿದ್ದಾರೆ.

ಪ್ರಶ್ನೆ: ನಮ್ಮೂರ ಬಸ್ ನಿಲ್ದಾಣದ ಪಕ್ಕದ ಗ್ಯಾರೇಜಿನಲ್ಲಿ ಹನ್ನೊಂದು ಹನ್ನೆರಡು ವರ್ಷದ ಹುಡುಗ ದಿನವಿಡೀ ಪಂಕ್ಚರ್ ಹಾಕುತ್ತಾನೆ. ಹಿಂದೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದ್ದೆ. ಅಧಿಕಾರಿಗಳು ಬಂದು ನೋಡಿ ‘ಯಾರೂ ಇಲ್ಲ’ ಎಂದು ಹೋದರಂತೆ. ತಪ್ಪಿದ್ದೆಲ್ಲಿ? ನನ್ನ ಹೆಸರು ಹೊರಗೆ ಬರುತ್ತದೆಯೇ?

ಸಂಖ್ಯೆ ಸರಿಯಾಗಿಯೇ ಇದೆ. 1098 ಹಗಲೂ ರಾತ್ರಿ ಉಚಿತ, ನಿಮ್ಮ ಹೆಸರು ಹೇಳಲೇಬೇಕೆಂದೂ ಇಲ್ಲ. ತಪ್ಪಿರುವುದು ಬಹುಶಃ ಕೊಟ್ಟ ಮಾಹಿತಿಯಲ್ಲಿ. ‘ಬಸ್ ಸ್ಟ್ಯಾಂಡ್ ಹತ್ತಿರದ ಗ್ಯಾರೇಜು, ಒಬ್ಬ ಹುಡುಗ ಇದ್ದಾನೆ’ ಎಂದಷ್ಟೇ ಹೇಳಿದರೆ ತಂಡ ತನಗೆ ಬಿಡುವಾದ ಹೊತ್ತಿಗೆ ಹೊರಡುತ್ತದೆ, ಮೊದಲು ಸಿಕ್ಕ ಗ್ಯಾರೇಜಿನಲ್ಲಿ ವಿಚಾರಿಸುತ್ತದೆ. ಅಷ್ಟರಲ್ಲಿ ಪಕ್ಕದವರಿಂದ ಮಾಲೀಕನಿಗೆ ಫೋನು ಹೋಗಿರುತ್ತದೆ. ಹುಡುಗ ಬಿಡಿಭಾಗ ತರಲು ಪೇಟೆಗೆ ಹೋಗಿರುತ್ತಾನೆ.

ಮತ್ತೆ ದೂರು ಕೊಡುವ ಮುಂಚೆ ಎರಡು ಮೂರು ದಿನ ಸುಮ್ಮನೆ ಗಮನಿಸಿ. ಅಂಗಡಿಯ ಫಲಕದಲ್ಲಿ ಏನಿದೆ, ಎದುರು ಏನಿದೆ, ಬಾಗಿಲು ಎಷ್ಟು, ಹಿಂದೆ ಗಲ್ಲಿ ಇದೆಯೇ, ಹುಡುಗ ಎಷ್ಟು ಗಂಟೆಗೆ ಬರುತ್ತಾನೆ, ರಾತ್ರಿ ಅಲ್ಲೇ ಮಲಗುತ್ತಾನೆಯೇ, ವಾರದ ರಜೆ ಯಾವತ್ತು, ಇನ್ನೂ ಎಷ್ಟು ಮಕ್ಕಳಿದ್ದಾರೆ ಎಂಬುದನ್ನು ನೋಡಿಕೊಳ್ಳಿ. ಇವುಗಳಲ್ಲಿ ಹಿಂದಿನ ಬಾಗಿಲು ಮತ್ತು ಮಲಗುವ ಜಾಗ, ಈ ಎರಡು ಗೊತ್ತಾದರೆ ಅರ್ಧ ಕೆಲಸ ಆದಂತೆ. ಮಾಲೀಕನ ಜತೆ ಮಾತಿಗಿಳಿಯಬೇಡಿ. ಹುಡುಗನನ್ನು ‘ನಿನ್ನ ವಯಸ್ಸೆಷ್ಟು?’ ಎಂದೂ ಕೇಳಬೇಡಿ. ಅಂಥ ಪ್ರಶ್ನೆ ಬಿದ್ದ ಮರುದಿನವೇ ಮಕ್ಕಳನ್ನು ಬೇರೆಡೆಗೆ ಸಾಗಿಸುವುದುಂಟು.

ಹೇಳುವಾಗ ಹೀಗೆ ಹೇಳಿ: ‘ಇಂಥ ಹೆಸರಿನ ಗ್ಯಾರೇಜು, ಇಂಥ ಬ್ಯಾಂಕಿನ ಎದುರು. ಬೆಳಿಗ್ಗೆ ಎಂಟೂವರೆಯಿಂದ ಹತ್ತರವರೆಗೆ ಹುಡುಗ ಖಂಡಿತ ಇರುತ್ತಾನೆ. ಹಿಂದೆ ಒಂದು ಬಾಗಿಲಿದೆ.’ ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಿ. ಕೇಂದ್ರ ಕಾರ್ಮಿಕ ಸಚಿವಾಲಯದ ‘ಪೆನ್ಸಿಲ್’ ಜಾಲತಾಣದಲ್ಲೂ ದೂರು ಕೊಡಬಹುದು. ಅದು ಜಿಲ್ಲಾ ನೋಡಲ್ ಅಧಿಕಾರಿಗೆ ಹೋಗುತ್ತದೆ, ಅವರು 48 ಗಂಟೆಯೊಳಗೆ ಪರಿಶೀಲಿಸಬೇಕು. ಇವೆರಡಕ್ಕೂ ಜಗ್ಗದಿದ್ದರೆ ಜಿಲ್ಲಾಧಿಕಾರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ಆಮೇಲೆ ‘ಏನು ಕ್ರಮ ಕೈಗೊಂಡಿರಿ?’ ಎಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಬರಲೇಬೇಕು. ಈ ಅರ್ಜಿಗೆ ನಿಮ್ಮ ಹೆಸರು ಬೇಕಾಗುತ್ತದೆ. ಬೇಡವೆಂದರೆ ಊರಿನ ಸಂಘ ಸಂಸ್ಥೆಯವರೊಬ್ಬರಿಂದ ಹಾಕಿಸಿ.

ಪೊಲೀಸ್ ಠಾಣೆಯಲ್ಲಿ ‘ಇದು ಕಾರ್ಮಿಕ ಇಲಾಖೆಯವರ ಕೆಲಸ’ ಎಂದು ಸಾಗಹಾಕಿದರೆ ಒಪ್ಪಬೇಡಿ. 2016ರ ತಿದ್ದುಪಡಿಯ ನಂತರ ಮಗುವನ್ನು ದುಡಿಸುವ ಮಾಲೀಕನ ಅಪರಾಧ ಸಂಜ್ಞೇಯ. ಎಂದರೆ ನ್ಯಾಯಾಲಯದ ಅನುಮತಿಗೆ ಕಾಯದೆ ಪೊಲೀಸರು ಎಫ್‌ಐಆರ್ ಹಾಕಬಹುದು.

ಒಂದು ಎಚ್ಚರಿಕೆ. ಹುಡುಗನ ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಮಗುವಿನ ಗುರುತು ಹೊರಹಾಕುವುದು ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಡಿ ಅಪರಾಧ. ಒಳ್ಳೆಯ ಮನಸ್ಸಿನಿಂದ ಮಾಡಿದೆ ಎಂದರೂ ಕಲಮು ಬದಲಾಗುವುದಿಲ್ಲ.

ಪ್ರಶ್ನೆ: ನಮ್ಮ ಪಂಚಾಯಿತಿ ವ್ಯಾಪ್ತಿಯಲ್ಲಿ ದಾಳಿ ಮಾಡಿ ಇಬ್ಬರು ಮಕ್ಕಳನ್ನು ಬಿಡಿಸಿದರು, ಪತ್ರಿಕೆಯಲ್ಲೂ ಬಂತು. ಎರಡೇ ತಿಂಗಳಿಗೆ ಒಬ್ಬ ಅದೇ ಅಂಗಡಿಯಲ್ಲಿದ್ದಾನೆ. ಹೀಗಾದರೆ ಬಿಡಿಸಿ ಏನು ಪ್ರಯೋಜನ? (ಗ್ರಾಮ ಪಂಚಾಯಿತಿ ಸದಸ್ಯೆ)

ಬಂದ ಪತ್ರಗಳಲ್ಲಿ ಅತಿ ಮುಖ್ಯವಾದದ್ದು ನಿಮ್ಮದೇ. ದಾಳಿ ಅರ್ಧ ಗಂಟೆಯ ಕೆಲಸ. ಮಗು ಮರಳಿ ಹೋಗುವುದೋ ಇಲ್ಲವೋ ಎಂಬುದು ಆ ಅರ್ಧ ಗಂಟೆಯಲ್ಲಿ ಏನು ಬರೆದುಕೊಂಡರು, ಮುಂದಿನ ಮೂರು ತಿಂಗಳು ಯಾರು ಬೆನ್ನು ಹತ್ತಿದರು ಎಂಬುದರ ಮೇಲೆ ನಿಂತಿದೆ.

ಕ್ರಮ ಹೀಗಿದೆ. ಬಿಡಿಸಿದ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಕಾನೂನಿನ ವಿರುದ್ಧ ದುಡಿಯುತ್ತಿದ್ದ ಮಗು ಬಾಲನ್ಯಾಯ ಕಾಯ್ದೆ 2015ರ ಪ್ರಕಾರ ‘ಪೋಷಣೆ ಮತ್ತು ರಕ್ಷಣೆ ಬೇಕಾದ ಮಗು’. ಸಮಿತಿ ಮನೆಯ ಸ್ಥಿತಿಗತಿ ತಿಳಿಯಲು ಸಾಮಾಜಿಕ ತನಿಖೆಗೆ ಆದೇಶಿಸುತ್ತದೆ, ಅದು 15 ದಿನದಲ್ಲಿ ಮುಗಿಯಬೇಕು. ಅಲ್ಲಿಯವರೆಗೆ ಮಗು ಬಾಲಮಂದಿರದಲ್ಲಿರಬಹುದು, ಸುರಕ್ಷಿತ ಎನಿಸಿದರೆ ಮನೆಯಲ್ಲೂ ಇರಬಹುದು.

ಕೆಟ್ಟುಹೋಗುವುದು ಎಲ್ಲಿ ಅಂದರೆ, ಅಪ್ಪ ಬಂದು ‘ಇನ್ನು ಮುಂದೆ ಕಳಿಸುವುದಿಲ್ಲ’ ಎಂದು ಮುಚ್ಚಳಿಕೆ ಬರೆದುಕೊಡುತ್ತಾನೆ, ಮಗು ಆವತ್ತೇ ಮನೆಗೆ ಹೋಗುತ್ತದೆ. ತನಿಖಾ ವರದಿ ‘ಮನೆ ಬಡತನದಲ್ಲಿದೆ, ಪೋಷಕರು ಒಪ್ಪಿದ್ದಾರೆ’ ಎಂಬ ಎರಡು ಸಾಲಿನಲ್ಲಿ ಮುಗಿಯುತ್ತದೆ. ಯಾವ ಕಾರಣಕ್ಕೆ ಮಗು ಕೆಲಸಕ್ಕೆ ಹೋಗಿತ್ತೋ ಆ ಸಾಲ, ಆ ಕಾಯಿಲೆ, ಆ ನಿಂತುಹೋದ ಕೂಲಿ ಹಾಗೆಯೇ ಉಳಿದಿರುತ್ತದೆ.

ದಾಳಿಯ ದಿನ ಸ್ಥಳದಲ್ಲೇ ಬರೆಯುವ ವರದಿ, ಅಂದರೆ ಮಹಜರಿನಲ್ಲಿ ನಾಲ್ಕು ವಿವರ ಇರಲೇಬೇಕು: ಯಾವ ತಿಂಗಳು ಸೇರಿದ, ದಿನಕ್ಕೆ ಎಷ್ಟು ಗಂಟೆ ದುಡಿದ, ಕೂಲಿ ಎಷ್ಟೆಂದು ಮಾತಾಗಿತ್ತು ಮತ್ತು ಕೈಗೆ ಎಷ್ಟು ಬಂತು, ಮನೆಯವರು ಮುಂಗಡ ಪಡೆದಿದ್ದಾರೆಯೇ. ಮಗುವಿನ ಹೇಳಿಕೆಯನ್ನು ಮಾಲೀಕ ಪಕ್ಕದಲ್ಲಿ ನಿಂತಿರುವಾಗ ತೆಗೆದುಕೊಳ್ಳಬಾರದು. ಈ ನಾಲ್ಕು ಸಾಲು ಇಲ್ಲದಿದ್ದರೆ ಏನಾಗುತ್ತದೆ? ಸೇರಿದ ದಿನವೂ ದುಡಿದ ಗಂಟೆಯೂ ಇಲ್ಲದೆ ಬಾಕಿ ಕೂಲಿ ಲೆಕ್ಕಹಾಕಲು ಬರುವುದಿಲ್ಲ. ಕೂಲಿ ತಡೆಹಿಡಿದದ್ದು ಗೊತ್ತಾಗದಿದ್ದರೆ ಐದು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿ ದಂಡ ಇರುವ ಬಾಲನ್ಯಾಯ ಕಾಯ್ದೆಯ 79ನೇ ಕಲಮು ಹಾಕಲಾಗದು. ಮುಂಗಡದ ಮಾತು ಇಲ್ಲದಿದ್ದರೆ ಜೀತದ ಪ್ರಕರಣ ನಿಲ್ಲದು. ಕೊನೆಗೆ ಉಳಿಯುವುದು ‘ಆವತ್ತು ಅಲ್ಲಿ ನಿಂತಿದ್ದ ಹುಡುಗ’ ಮಾತ್ರ. ‘ಚಹಾ ಕುಡಿಯಲು ಬಂದಿದ್ದ ಸಾರ್’ ಎಂಬ ಮಾಲೀಕನ ಮಾತೇ ಗೆಲ್ಲುತ್ತದೆ.

ಹಣದ ಲೆಕ್ಕವೂ ಇದೇ ಕಾಗದಕ್ಕೆ ಕಟ್ಟಿಕೊಂಡಿದೆ. 1986ರ ಬಾಲಕಾರ್ಮಿಕ ಕಾಯ್ದೆಯ ಪ್ರಕಾರ ಮಗುವನ್ನು ದುಡಿಸಿದವನಿಗೆ ಆರು ತಿಂಗಳಿಂದ ಎರಡು ವರ್ಷ ಸಜೆ, ಇಲ್ಲವೇ 20,000ದಿಂದ 50,000 ರೂಪಾಯಿ ದಂಡ, ಇಲ್ಲವೇ ಎರಡೂ. ಎರಡನೇ ಸಲ ಸಿಕ್ಕಿಬಿದ್ದರೆ ಒಂದರಿಂದ ಮೂರು ವರ್ಷ ಸಜೆ. ದಂಡದ ಹಣ ಜಿಲ್ಲೆಯ ಪುನರ್ವಸತಿ ನಿಧಿಗೆ ಸೇರುತ್ತದೆ, ಅದಕ್ಕೆ ಸರ್ಕಾರ ಪ್ರತಿ ಮಗುವಿನ ಹೆಸರಿನಲ್ಲಿ 15,000 ರೂಪಾಯಿ ಸೇರಿಸುತ್ತದೆ. ಆದರೆ ಯಾವ ಮಗುವಿನ ಪ್ರಕರಣದಲ್ಲಿ ದಂಡ ಜಮೆಯಾಯಿತೋ ಆ ಮಗುವಿಗೆ ಮಾತ್ರ. ಮಹಜರು ಸಡಿಲವಾಗಿದ್ದರೆ ದಂಡವೂ ಇಲ್ಲ, ಆ ಹದಿನೈದು ಸಾವಿರವೂ ಇಲ್ಲ.

ಪಂಚಾಯಿತಿ ಸದಸ್ಯೆಯಾಗಿ ನೀವು ಮಾಡಬಹುದಾದದ್ದು ಹೆಚ್ಚೇ ಇದೆ. ಆ ಮನೆಗೆ ಜಾಬ್ ಕಾರ್ಡ್ ಇದೆಯೇ, ಪಡಿತರ ಚೀಟಿಯಲ್ಲಿ ಎಲ್ಲರ ಹೆಸರಿದೆಯೇ, ವಿಧವಾ ಅಥವಾ ಅಂಗವಿಕಲ ವೇತನ ಬರಬೇಕಾದವರಿದ್ದಾರೆಯೇ ನೋಡಿ. ತಮಿಳುನಾಡಿನ ಶಿವಕಾಶಿಯ ಬೆಂಕಿಪೊಟ್ಟಣ, ಪಟಾಕಿ ಕಾರ್ಖಾನೆಗಳ ಮಕ್ಕಳ ಪ್ರಕರಣದಲ್ಲಿ 1996ರಲ್ಲೇ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಮಗುವಿನ ಬದಲು ಆ ಮನೆಯ ದೊಡ್ಡವರೊಬ್ಬರಿಗೆ ಕೆಲಸ ಕೊಡಿ. ಮಾಲೀಕನಿಂದ ಮಗುವೊಂದಕ್ಕೆ 20,000 ರೂಪಾಯಿ ವಸೂಲಿ ಮಾಡಬೇಕು, ಕೆಲಸ ಕೊಡಲಾಗದಿದ್ದರೆ ಸರ್ಕಾರ 5,000 ಸೇರಿಸಬೇಕು ಎಂದೂ ಅದೇ ತೀರ್ಪಿನಲ್ಲಿದೆ. ದಂಡದ ಮಾತು ಎಲ್ಲರಿಗೂ ನೆನಪಿದೆ, ಕೆಲಸದ ಮಾತು ಮರೆತಿದೆ.

ಇನ್ನು ಶಾಲೆ. ‘ಟಿಸಿ ಇಲ್ಲ’, ‘ದಾಖಲಾತಿ ಮುಗಿದಿದೆ’, ‘ವಯಸ್ಸಿನ ದಾಖಲೆ ಇಲ್ಲ’ ಈ ಮೂರೂ ಕಾರಣಗಳನ್ನು ಶಿಕ್ಷಣ ಹಕ್ಕು ಕಾಯ್ದೆ 2009 ಒಪ್ಪುವುದಿಲ್ಲ. ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು, ಹಿಂದೆ ಬಿದ್ದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ತರಬೇತಿಯ ಅವಧಿ ಕನಿಷ್ಠ ಮೂರು ತಿಂಗಳು, ಗರಿಷ್ಠ ಎರಡು ವರ್ಷ. ಹನ್ನೆರಡು ವರ್ಷದವನನ್ನು ‘ಓದಲು ಬರುವುದಿಲ್ಲ’ ಎಂದು ಮೂರನೇ ತರಗತಿಯಲ್ಲಿ ಕೂರಿಸಿದರೆ ಅವನು ಹದಿನೈದು ದಿನವೂ ನಿಲ್ಲುವುದಿಲ್ಲ. ಗ್ಯಾರೇಜಿನಲ್ಲಿ ‘ಮೇಸ್ತ್ರಿ’ ಅನ್ನಿಸಿಕೊಂಡವನಿಗೆ ಪುಟ್ಟ ಮಕ್ಕಳ ನಡುವೆ ಕೂರುವ ನಾಚಿಕೆ ಎಂಥದ್ದೆಂದು ಶಾಲೆಗೆ ಗೊತ್ತಿರಬೇಕು.

ಪ್ರಶ್ನೆ: ಮಾಲೀಕ ಆಧಾರ್ ಕಾರ್ಡ್ ತೋರಿಸಿ ‘ಹದಿನೆಂಟಾಗಿದೆ’ ಎನ್ನುತ್ತಾನೆ. ಹುಡುಗಿಗೆ ಹದಿಮೂರಕ್ಕಿಂತ ಹೆಚ್ಚಿರಲಾರದು.

ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ವಯಸ್ಸು ತೀರ್ಮಾನವಾಗುವ ಕ್ರಮ ಬಾಲನ್ಯಾಯ ಕಾಯ್ದೆಯ 94ನೇ ಕಲಮಿನಲ್ಲಿದೆ. ಮೊದಲು ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ನಗರಸಭೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ. ಇವೆರಡೂ ಇಲ್ಲದಾಗ ಮಾತ್ರ ಮೂಳೆ ಪರೀಕ್ಷೆ, ಅದೂ ಆದೇಶವಾದ 15 ದಿನದೊಳಗೆ. ಈ ಪಟ್ಟಿಯಲ್ಲಿ ಆಧಾರ್ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ, ಆಧಾರ್ ಗುರುತಿನ ದಾಖಲೆಯೇ ಹೊರತು ಜನ್ಮದಿನಾಂಕದ ಪುರಾವೆಯಲ್ಲ ಎಂದಿದೆ.

ಹಾಗಾಗಿ ಹುಡುಗಿ ಮೊದಲು ಓದಿದ ಶಾಲೆ ಯಾವುದೆಂದು ಪತ್ತೆ ಮಾಡಿ. ಒಂದನೇ ತರಗತಿಗೆ ಸೇರಿದ್ದರೂ ಸಾಕು, ದಾಖಲಾತಿ ವಹಿಯಲ್ಲಿ ಜನ್ಮದಿನಾಂಕ ಇರುತ್ತದೆ. ಅದರ ಆಧಾರದ ಮೇಲೆ ಮುಖ್ಯೋಪಾಧ್ಯಾಯರಿಂದ ಜನ್ಮದಿನಾಂಕ ಪ್ರಮಾಣಪತ್ರ ಪಡೆದರೆ ವಾದ ಬಹುಮಟ್ಟಿಗೆ ಮುಗಿಯುತ್ತದೆ. ಮೂಳೆ ಪರೀಕ್ಷೆಗೆ ಆತುರಪಡಬೇಡಿ. ಅದರಲ್ಲಿ ಎರಡು ವರ್ಷ ಆಚೀಚೆ ಆಗಬಹುದೆಂದು ನ್ಯಾಯಾಲಯಗಳೇ ಒಪ್ಪಿವೆ. ವಕೀಲರು ಹಿಡಿದುಕೊಳ್ಳುವುದು ಆ ಎರಡು ವರ್ಷವನ್ನೇ.

ಪ್ರಶ್ನೆ: ನಮ್ಮದೇ ಕಿರಾಣಿ ಅಂಗಡಿ. ಶಾಲೆ ಬಿಟ್ಟ ಮೇಲೆ ಮಗ ಗಲ್ಲಾದಲ್ಲಿ ಕೂರುತ್ತಾನೆ. ಇದೂ ತಪ್ಪೇ? ಹಾಗಾದರೆ ಬೀಡಿ ಕಟ್ಟುವ ಮನೆಗಳ ಮಕ್ಕಳ ಕತೆ?

ನಿಮ್ಮ ಮಗನದು ತಪ್ಪಲ್ಲ, ಮಿತಿಯೊಳಗಿದ್ದರೆ. ಹದಿನಾಲ್ಕು ತುಂಬದ ಮಗು ಸ್ವಂತ ಕುಟುಂಬಕ್ಕೆ ನೆರವಾಗಬಹುದು. ಶಾಲೆಯ ಹೊತ್ತಿನಲ್ಲಿ ಕೂಡದು, ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೂಡದು, ವಿಶ್ರಾಂತಿ ಬಿಟ್ಟು ದಿನಕ್ಕೆ ಮೂರು ಗಂಟೆ ಮೀರಕೂಡದು. ಕುಟುಂಬ ಎಂದರೆ ಅಪ್ಪ, ಅಮ್ಮ, ಒಡಹುಟ್ಟಿದವರು, ಅಪ್ಪ ಅಮ್ಮನ ಒಡಹುಟ್ಟಿದವರು. ಸೋದರತ್ತೆಯ ಅಂಗಡಿ ಒಳಗೆ ಬರುತ್ತದೆ, ‘ದೂರದ ಸಂಬಂಧಿ’ಯ ಹೋಟೆಲು ಬರುವುದಿಲ್ಲ.

ಬೀಡಿಯ ಮಾತು ಬೇರೆ. ತಂಬಾಕಿನ ಕೆಲಸ ಅಪಾಯಕಾರಿ ಪಟ್ಟಿಯಲ್ಲಿದೆ, ಮನೆಯೊಳಗೆ ಕೂತು ಮಾಡಿದರೂ ಮಕ್ಕಳಿಗೆ ನಿಷಿದ್ಧ. ಮೇಲಾಗಿ ಎಲೆ, ತಂಬಾಕು ಕೊಡುವವನು ಗುತ್ತಿಗೆದಾರ, ಸಾವಿರ ಬೀಡಿಗೆ ಇಷ್ಟೆಂದು ಕೊಡುವವನೂ ಅವನೇ. ಆ ಉದ್ಯಮದ ಒಡೆಯರು ಮನೆಯವರಲ್ಲ. ಹಣ ತರುವ ಉತ್ಪಾದನಾ ಸರಪಳಿಯ ಯಾವ ಹಂತದಲ್ಲೂ ಮಗುವಿನ ಕೈ ಇರಕೂಡದೆಂದು ನಿಯಮ ಬಿಡಿಸಿ ಹೇಳಿದೆ. ಗುತ್ತಿಗೆದಾರನ ಪುಸ್ತಕದಲ್ಲಿ ಇರುವುದು ಅಮ್ಮನ ಹೆಸರೊಂದೇ. ಆದರೆ ನಡುಬಗ್ಗಿಸಿ ಕತ್ತರಿಯಲ್ಲಿ ಎಲೆ ಕತ್ತರಿಸುವವಳು, ಕಟ್ಟಿದ ಬೀಡಿಯ ತುದಿ ಮಡಚುವವಳು ಮಗಳು. ಸಾವಿರದ ದರ ಏರದ ಹೊರತು ಆ ಮನೆಯಲ್ಲಿ ಕಾಯ್ದೆಯ ಪ್ರತಿ ಹಂಚಿ ಉಪಯೋಗವಿಲ್ಲ ಎಂಬುದೂ ನಿಜ.

ಪ್ರಶ್ನೆ: ಹದಿನೈದು ತುಂಬಿದ ಹುಡುಗನನ್ನು ಅಂಗಡಿಗೆ ಇಟ್ಟುಕೊಳ್ಳಬಹುದೇ?

ಅಪಾಯಕಾರಿ ಪಟ್ಟಿಯಲ್ಲಿಲ್ಲದ ಕೆಲಸವಾದರೆ ಇಟ್ಟುಕೊಳ್ಳಬಹುದು. 14ರಿಂದ 18ರವರನ್ನು ಕಾನೂನು ಕಿಶೋರ ಎನ್ನುತ್ತದೆ. ಸತತ ಮೂರು ಗಂಟೆಗೊಮ್ಮೆ ಒಂದು ಗಂಟೆ ಬಿಡುವು, ಬಿಡುವೂ ಸೇರಿ ದಿನಕ್ಕೆ ಆರು ಗಂಟೆ, ವಾರಕ್ಕೊಂದು ರಜೆ. ರಾತ್ರಿ 7ರ ನಂತರ ಇಲ್ಲ, ಓವರ್‌ಟೈಮ್ ಇಲ್ಲ. ರಿಜಿಸ್ಟರ್ ಇಡಬೇಕು. ಇದನ್ನೆಲ್ಲ ಪಾಲಿಸಿ ಇಟ್ಟುಕೊಂಡ ಅಂಗಡಿಗಳು ಅಪರೂಪ.

ಪ್ರಶ್ನೆ: ಇಟ್ಟಿಗೆ ಭಟ್ಟಿಯವರು ನಮ್ಮ ಓಣಿಯ ಮನೆಯೊಂದಕ್ಕೆ ಮುಂಗಡ ಕೊಟ್ಟು ಮಕ್ಕಳ ಸಮೇತ ಕರೆದೊಯ್ದಿದ್ದಾರೆ. ‘ಸಾಲ ತೀರುವವರೆಗೆ ಬಿಡುವುದಿಲ್ಲ’ ಎನ್ನುತ್ತಾರಂತೆ.

ಇದು ಬಾಲಕಾರ್ಮಿಕ ಪ್ರಕರಣಕ್ಕಿಂತ ದೊಡ್ಡದು, ಜೀತ. 1976ರ ಜೀತಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಜೀತದ ಸಾಲ ತೀರಿಸುವ ಪ್ರಶ್ನೆಯೇ ಇಲ್ಲ, ಅದು ಕಾನೂನಿನಲ್ಲೇ ರದ್ದಾಗಿದೆ. ‘ಇದು ಜೀತದ ಸಾಲವಲ್ಲ’ ಎಂದು ರುಜುವಾತು ಮಾಡುವ ಹೊರೆ ಸಾಲ ಕೊಟ್ಟವನದು. ಸರಪಳಿ ಹಾಕಿ ಕಟ್ಟಿರಬೇಕೆಂದಿಲ್ಲ. ಬಡತನದ ಒತ್ತಡಕ್ಕೆ ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಯುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ.

ದೂರನ್ನು ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿಗೆ ಕೊಡಿ. ಬಿಡಿಸಿದ ದಿನ ಕೇಳಬೇಕಾದದ್ದು ಬಿಡುಗಡೆ ಪ್ರಮಾಣಪತ್ರ, ಅದೂ ಮಗುವಿಗೆ ಪ್ರತ್ಯೇಕವಾಗಿ. ಅಪ್ಪನ ಹೆಸರಿಗೆ ಒಂದೇ ಪತ್ರ ಕೊಟ್ಟು ‘ಮತ್ತು ಕುಟುಂಬ’ ಎಂದು ಬರೆದರೆ ಹೆಂಡತಿ ಮಕ್ಕಳ ಪರಿಹಾರ ಹೋದಂತೆ. ಕೇಂದ್ರದ ಯೋಜನೆಯಲ್ಲಿ ತಕ್ಷಣದ ನೆರವು ಒಬ್ಬರಿಗೆ 30,000 ರೂಪಾಯಿವರೆಗೆ ಇದೆ. ಪುನರ್ವಸತಿ ಮೊತ್ತ ಗಂಡಸಿಗೆ ಒಂದು ಲಕ್ಷ, ಮಹಿಳೆ ಮತ್ತು ಮಕ್ಕಳಿಗೆ ಎರಡು ಲಕ್ಷ, ಅತಿ ಕ್ರೂರ ಪ್ರಕರಣಗಳಲ್ಲಿ ಮೂರು ಲಕ್ಷ. ಆದರೆ ಈ ದೊಡ್ಡ ಮೊತ್ತ ಆರೋಪಿಗೆ ಶಿಕ್ಷೆಯಾಗುವುದಕ್ಕೆ ಬೆಸೆದುಕೊಂಡಿದೆ. ಆದ್ದರಿಂದ ಮುಂಗಡ ಎಷ್ಟು, ಯಾರ ಕೈಯಿಂದ, ಯಾವ ಹಬ್ಬದ ಹೊತ್ತಿಗೆ ಎಂಬುದನ್ನು ಈಗಲೇ ನೆನಪಿಸಿ ಬರೆಸಿ. ತಾರೀಕು ಗೊತ್ತಿಲ್ಲದವರಿಗೂ ಹಬ್ಬ ನೆನಪಿರುತ್ತದೆ.

ಪ್ರಶ್ನೆ: ಬಡತನ ಹೋಗದೆ ಬಾಲಕಾರ್ಮಿಕ ಪದ್ಧತಿ ಹೋಗುವುದಿಲ್ಲ. ಸುಮ್ಮನೆ ದಾಳಿ ಮಾಡಿ ಬಡವರ ಹೊಟ್ಟೆ ಮೇಲೆ ಹೊಡೆಯುವುದೇಕೆ?

ಮಾತಿನ ಮೊದಲ ಅರ್ಧ ಅಷ್ಟು ಸರಳವಲ್ಲ. ಜಗತ್ತಿನಲ್ಲಿ 2000ದಲ್ಲಿ 24.6 ಕೋಟಿಯಿದ್ದ ಬಾಲಕಾರ್ಮಿಕರು 2024ರ ಅಂದಾಜಿನಲ್ಲಿ 13.8 ಕೋಟಿಗೆ ಇಳಿದಿದ್ದಾರೆ. ಅಷ್ಟರಲ್ಲಿ ಬಡತನ ಕೊನೆಗೊಂಡಿತೇ? ಕೆಲಸಕ್ಕೆ ಮಗು ಸಿಗುವ ಕಡೆ ದೊಡ್ಡವರ ಕೂಲಿ ಏರುವುದಿಲ್ಲ. ಏರದ ಕೂಲಿಯಿಂದ ಮನೆ ನಡೆಯದೆ ಮತ್ತೊಂದು ಮಗು ಕೆಲಸಕ್ಕೆ ಹೋಗುತ್ತದೆ. ಮಗುವಿನ ಬೆರಳು ಚುರುಕು ಎನ್ನುವುದು ನೆಪ. ಮಗುವಿಗೆ ಕೊಡುವ ಕೂಲಿ ಕಡಿಮೆ, ಮಗು ಎದುರು ಮಾತಾಡುವುದಿಲ್ಲ, ಅಷ್ಟೇ.

ಎರಡನೇ ಅರ್ಧವನ್ನು ಒಪ್ಪುತ್ತೇವೆ. ಮಹಜರು, ಪುನರ್ವಸತಿ, ಶಾಲೆ ಯಾವುದೂ ಇಲ್ಲದ ದಾಳಿ ಮಗುವನ್ನು ಕಾಣುವ ಕೆಲಸದಿಂದ ಕಾಣದ ಕೆಲಸಕ್ಕೆ ತಳ್ಳುತ್ತದೆ.

ಪ್ರಶ್ನೆ: ಮಗಳಿಗೆ ಧಾರಾವಾಹಿಯಲ್ಲಿ ನಟಿಸುವ ಅವಕಾಶ ಬಂದಿದೆ. ನಿಯಮ ಏನು?

ನಿರ್ಮಾಪಕರು ಜಿಲ್ಲಾಧಿಕಾರಿಯ ಅನುಮತಿ ಪಡೆದಿರಬೇಕು, ಪ್ರತಿ ನೋಡಿ. ದಿನಕ್ಕೆ ಐದು ಗಂಟೆ, ಬಿಡುವಿಲ್ಲದೆ ಮೂರು ಗಂಟೆ, ಸತತ 27 ದಿನ ಮೀರಕೂಡದು. ಸಂಭಾವನೆಯ ಕನಿಷ್ಠ ಶೇ 20ರಷ್ಟು ಅವಳ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿಯಾಗಬೇಕು. ಒಪ್ಪಂದದಲ್ಲಿ ಠೇವಣಿಯ ಸಾಲು ಇಲ್ಲದಿದ್ದರೆ ಸಹಿ ಹಾಕಬೇಡಿ.

ಪ್ರಶ್ನೆ: ನಮ್ಮ ಭಾಗದಲ್ಲಿ ಹೈಬ್ರಿಡ್ ಹತ್ತಿ ಬೀಜದ ಹೊಲಗಳಿವೆ. ಕ್ರಾಸಿಂಗ್ (ಕೈಯಿಂದ ಪರಾಗ ಸವರುವ ಕೆಲಸ) ಶುರುವಾದರೆ ಆರು ಏಳನೇ ತರಗತಿಯ ಹುಡುಗಿಯರು ಕಾಣುವುದಿಲ್ಲ. ಹಾಜರಾತಿಯಲ್ಲಿ ಮಾತ್ರ ಎಲ್ಲರೂ ಇರುತ್ತಾರೆ. ಒಬ್ಬ ಶಿಕ್ಷಕಿ ಏನು ಮಾಡಬಹುದು?

ಮೊದಲು ಆ ಹಾಜರಾತಿ ನಿಜವಾಗಲಿ. ಜಗತ್ತಿನ ಬಾಲಕಾರ್ಮಿಕರಲ್ಲಿ ಶೇ 61ರಷ್ಟು ಇರುವುದು ಕೃಷಿಯಲ್ಲಿ. ಅವರನ್ನು ದಾಳಿ ತಂಡಕ್ಕಿಂತ ಮೊದಲು ನೋಡುವುದು ಶಾಲೆಯೇ. ಕ್ರಾಸಿಂಗ್ ಕೆಲಸಕ್ಕೆ ಒಂದು ಗಡಿಯಾರ ಇದೆ. ಸಂಜೆ ಹೆಣ್ಣು ಗಿಡದ ಮೊಗ್ಗು ಬಿಡಿಸಿ ಕೇಸರ ತೆಗೆಯಬೇಕು, ಮರುದಿನ ಬೆಳಿಗ್ಗೆ ಗಂಡು ಹೂವಿನ ಪರಾಗವನ್ನು ಒಂದೊಂದಕ್ಕೂ ಸವರಬೇಕು. ಹೂವು ದಿನಾ ಅರಳುತ್ತದೆ, ಹಾಗಾಗಿ ವಾರಗಟ್ಟಲೆ ಬಿಡುವಿಲ್ಲ. ಆದ್ದರಿಂದ ಪೂರ್ತಿ ಗೈರಿಗಿಂತ ಮೊದಲು ಕಾಣುವುದು ಬೆಳಿಗ್ಗೆಯ ತಡ: ಮೊದಲ ಎರಡು ಪೀರಿಯಡ್ ಇಲ್ಲ, ಬಿಸಿಯೂಟದ ಹೊತ್ತಿಗೆ ಹಾಜರು, ಉಗುರಿನ ಸಂದಿಯಲ್ಲಿ ಹಳದಿ ಪುಡಿ.

ಬೆಳಿಗ್ಗೆ ಮತ್ತು ಮಧ್ಯಾಹ್ನ ಎರಡು ಸಲ ಹಾಜರಿ ತೆಗೆದು ಬೇರೆ ಬೇರೆ ಬರೆಯಿರಿ. ಕಳೆದ ಎರಡು ವರ್ಷದ ಹಾಜರಾತಿಯಲ್ಲಿ ಗೈರು ಏರಿದ ವಾರಗಳನ್ನು ಗುರುತಿಸಿ, ಆ ವಾರಗಳು ಬರುವುದಕ್ಕೆ ಒಂದು ತಿಂಗಳು ಮುಂಚೆಯೇ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಕರೆಸಿ. ಶುರುವಾದ ಮೇಲೆ ಕರೆದರೆ ಯಾರೂ ಬರುವುದಿಲ್ಲ, ಎಲ್ಲರೂ ಹೊಲದಲ್ಲಿರುತ್ತಾರೆ. ಸಭೆಗೆ ರೈತರನ್ನೂ ಕರೆಯಿರಿ. ಬೀಜ ಕಂಪನಿಗಾಗಿ ಬೆಳೆಯುತ್ತಿದ್ದರೆ ಒಪ್ಪಂದದ ಪತ್ರ ತರಲು ಹೇಳಿ, ಮಕ್ಕಳನ್ನು ದುಡಿಸಬಾರದೆಂಬ ಷರತ್ತು ಅದರಲ್ಲಿದೆಯೇ ಎಂದು ಅವರೆದುರೇ ಓದಿ.

ಮಗು ತಿಳಿಸದೆ ಸತತ 30 ದಿನ ಗೈರಾದರೆ ಮುಖ್ಯೋಪಾಧ್ಯಾಯರು ನೋಡಲ್ ಅಧಿಕಾರಿಗೆ ತಿಳಿಸಬೇಕೆಂದು ಬಾಲಕಾರ್ಮಿಕ ನಿಯಮಗಳಲ್ಲೇ ಇದೆ. ಆದರೆ ಮೂವತ್ತು ದಿನ ಕಾಯುವಷ್ಟರಲ್ಲಿ ಹಂಗಾಮು ಅರ್ಧ ಮುಗಿದಿರುತ್ತದೆ. ಮೂರನೇ ದಿನವೇ ಮನೆಗೆ ಹೋಗಿ, ಸಂಜೆ ಏಳರ ನಂತರ, ಎಲ್ಲರೂ ಮರಳಿದ ಹೊತ್ತಿಗೆ.